ನಾನು ಓದದೆ ಬಿಟ್ಟ ಸಾಲು

ಮಾಹಿತಿಯ ತತ್ವಶಾಸ್ತ್ರ, ಮಾಹಿತಿಯ ನೀತಿ ಎಂದು ಹೇಳಿಕೊಂಡು ಊರೂರು ತಿರುಗಿ ಭಾಷಣ ಮಾಡಿದವನು ನಾನು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೇಗೆ ಕಾಪಾಡಬೇಕು ಎಂದು ಹೇಳಿದ್ದಕ್ಕೆ ನನಗೆ ಶಾಲು ಹೊದಿಸಿದ್ದಾರೆ, ಹಾರ ಹಾಕಿದ್ದಾರೆ, ‘ಈ ವಿಷಯದಲ್ಲಿ ನಮ್ಮ ಭಾಗದ ಮೊದಲಿಗರು’ ಎಂದು ಪರಿಚಯಿಸಿದ್ದಾರೆ. ನಾನೂ ನಾಚಿಕೆಯಿಲ್ಲದೆ ಕೈಮುಗಿದು ಕೂತಿದ್ದೇನೆ. ಈಗ ಬರೆಯುತ್ತಿರುವ ಸಂಗತಿ ನನ್ನ ಹೆಂಡತಿಗೂ ಗೊತ್ತಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಮನೆ ಬೇಡಕಿಹಾಳದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ತಿರುಗಿ ಬರುವುದು. ನನ್ನ ತರಗತಿಯಲ್ಲಿದ್ದವರೇ ಹತ್ತು ಹನ್ನೆರಡು ಮಂದಿ. ತತ್ವಶಾಸ್ತ್ರದಲ್ಲಿ ಪಾಸಾಗುವುದು ಸುಲಭ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರಿಂದ ಬಂದವರು ಅವರು. ಅವರ ಮುಂದೆ ನನ್ನ ಪಾಂಡಿತ್ಯ ಖರ್ಚಾಗುತ್ತಿರಲಿಲ್ಲ. ಹಾಗಾಗಿ ಪಿಎಚ್.ಡಿ.ಗೆ ಹೆಸರು ಹಚ್ಚಿದೆ.

ನಾನು ಆರಿಸಿಕೊಂಡ ಪ್ರಶ್ನೆ ಇಷ್ಟೇ: ಒಬ್ಬ ಮನುಷ್ಯನ ಸುದ್ದಿ ಯಾರ ಸೊತ್ತು? ಹೇಳಿದವನದೋ, ಕೇಳಿದವನದೋ, ಬರೆದಿಟ್ಟವನದೋ? ಧಾರವಾಡದ ನನ್ನ ಮಾರ್ಗದರ್ಶಕರು ಎಲೆಯಡಿಕೆ ಜಗಿಯುತ್ತ ನಕ್ಕುಬಿಟ್ಟರು. “ಆತ್ಮ, ಪರಮಾತ್ಮ ಎಲ್ಲಾ ಬಿಟ್ಟು ಸುದ್ದಿ ಹಿಡದೀಯಲ್ಲೋ. ಇದು ತತ್ವಜ್ಞಾನ ಅಲ್ಲ, ಪೋಸ್ಟ್ ಆಫೀಸಿನ ಕೆಲಸ” ಅಂದರು. ಆಗ ವಿಶ್ವವಿದ್ಯಾಲಯದಲ್ಲಿ ಒಂದು ಕಂಪ್ಯೂಟರ್ ಬಂದಿತ್ತು. ತಣ್ಣಗಿನ ಗಾಜಿನ ಕೋಣೆಯಲ್ಲಿ ಅದನ್ನು ಇಟ್ಟಿದ್ದರು, ಚಪ್ಪಲಿ ಕಳಚಿ ಒಳಗೆ ಹೋಗಬೇಕಿತ್ತು. ಮುಂದೆ ಎಲ್ಲರ ಸುದ್ದಿಯೂ ಈ ಪೆಟ್ಟಿಗೆಯೊಳಗೆ ಬೀಳುತ್ತದೆ, ಆಗ ನನ್ನ ಪ್ರಶ್ನೆಯೇ ದೊಡ್ಡದಾಗುತ್ತದೆ ಎಂದು ನಾನು ವಾದಿಸಿದೆ. ಅದೊಂದು ಮಾತು ಮಾತ್ರ ನಿಜವಾಯಿತು.

ವಿದೇಶದ ಪತ್ರಿಕೆಗಳು ಗ್ರಂಥಾಲಯಕ್ಕೆ ಬರುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು. ಅವರ ಉದಾಹರಣೆಗಳನ್ನೇ ಎಷ್ಟು ದಿನ ಅಗಿಯುವುದು? ನಮ್ಮ ನೆಲದ್ದೊಂದು ಬೇಕಿತ್ತು. ಅದು ನಮ್ಮ ಮನೆಯಿಂದ ಎರಡು ಮನೆ ದಾಟಿದರೆ ಸಿಗುತ್ತಿತ್ತು.

ಅಲ್ಲಿ ಒಬ್ಬ ವಿಧವೆ ಇದ್ದಳು. ಸಂಬಂಧದಲ್ಲಿ ಏನೂ ಅಲ್ಲ, ಆದರೆ ಓಣಿಯ ಹುಡುಗರೆಲ್ಲ ಆಕೆಯನ್ನು ಕಾಕು ಎಂದೇ ಕರೆಯುತ್ತಿದ್ದೆವು, ಚಿಕ್ಕಮ್ಮ ಎಂದಂತೆ. ಒಬ್ಬಳೇ ಮಗಳು, ಒಂದಿಷ್ಟು ಹೊಲ, ಎರಡು ಎಮ್ಮೆ. ಕಾಕುಗೆ ಓದು ಬರಹ ಬಾರದು. ಕಾಗವಾಡದಲ್ಲಿದ್ದ ಅಕ್ಕನಿಗೆ ಆಕೆ ಹೇಳಿದ ಪತ್ರಗಳನ್ನೆಲ್ಲ ಬರೆಯುತ್ತಿದ್ದವನು ನಾನು. ಅಕ್ಕನಿಂದ ಬಂದ ಉತ್ತರ ಓದಿ ಹೇಳುತ್ತಿದ್ದವನೂ ನಾನೇ. ಪತ್ರ ಮುಗಿದ ಮೇಲೆ ಕಾಕು ಒಂದು ಹೆಂಟೆ ಬೆಲ್ಲ, ಒಂದು ತಂಬಿಗೆ ನೀರು ತಂದು ನನ್ನ ಮುಂದಿಡುತ್ತಿದ್ದಳು. ಪತ್ರ ಬರೆದವನಿಗೆ ನಮ್ಮ ಓಣಿಯಲ್ಲಿ ಇದೇ ಪದ್ಧತಿ. ಬೆಲ್ಲ ತಿಂದು ನೀರು ಕುಡಿದರೆ ಕೇಳಿದ ಮಾತು ಹೊಟ್ಟೆಗೆ ಇಳಿಯಿತು, ಇನ್ನು ಬಾಯಿಗೆ ಬರಬಾರದು.

“ತಿನ್ನೋ ಮಾಸ್ತರ. ಮಾತು ಹೊಟ್ಯಾಗ ಇರ್ಲಿ” ಅನ್ನುತ್ತಿದ್ದಳು.

ಆಕೆಯ ಪತ್ರಗಳಲ್ಲಿ ಒಂದೇ ಗುಟ್ಟಿತ್ತು. ಮಗಳಿಗೆ ಹತ್ತನೆಯ ವಯಸ್ಸಿನಿಂದ ಫಿಟ್ಸ್. ಊರಲ್ಲಿ ಗೊತ್ತಾದರೆ ಹುಡುಗಿಯನ್ನು ಯಾರು ಕೇಳುತ್ತಾರೆ? ಅದಕ್ಕೇ ವರ್ಷಕ್ಕೆ ಎರಡು ಮೂರು ಸಲ ಹಬ್ಬದ ನೆಪ, ಉಡಿ ತುಂಬುವ ನೆಪ ಮಾಡಿ ಮಗಳನ್ನು ಕಾಗವಾಡಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿಂದ ಗಡಿಯಾಚೆಯ ಮಿರಜ್ ಹತ್ತಿರ. ಅಕ್ಕನೇ ಮುಂದೆ ನಿಂತು ಅಲ್ಲಿಯ ಡಾಕ್ಟರಿಗೆ ತೋರಿಸಿ ಗುಳಿಗೆ ಕೊಡಿಸುತ್ತಿದ್ದಳು. ಗುಳಿಗೆ ಶುರುವಾದ ಮೇಲೆ ಫಿಟ್ಸ್ ಬಂದದ್ದು ಬಹಳ ಕಡಿಮೆ. ಊರಲ್ಲಿ ಇದು ಗೊತ್ತಿದ್ದದ್ದು ಕಾಕುಗೆ, ಮಗಳಿಗೆ, ನನಗೆ. ಊರ ಹೊರಗೆ ಆ ಅಕ್ಕನ ಮನೆಗೆ.

ನನ್ನ ಪ್ರಬಂಧಕ್ಕೆ ಈ ಬೆಲ್ಲದ ಪದ್ಧತಿ ಸಿಕ್ಕಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಗೌಪ್ಯತೆ ಎಂಬುದನ್ನು ಬೇರೆ ದೇಶದವರಿಂದ ನಾವು ಕಲಿಯಬೇಕಿಲ್ಲ, ನಮ್ಮ ಓಣಿಯ ಹೆಣ್ಣುಮಗಳಿಗೆ ಅದು ಗೊತ್ತಿದೆ ಎಂದು ಬರೆಯಬಹುದಲ್ಲ. ಬರೆದೆ. ಒಂದು ಅಧ್ಯಾಯ ಬರೆದೆ, ಅದನ್ನೇ ಕನ್ನಡದಲ್ಲಿ ಲೇಖನ ಮಾಡಿ ಒಂದು ಸಣ್ಣ ಪತ್ರಿಕೆಗೆ ಕಳಿಸಿದೆ. ಬೆಲ್ಲದ ಮಾತು ಬರೆದರೆ ಸಾಕಿತ್ತು. ಆದರೆ ಏನನ್ನು ಹೊಟ್ಟೆಯಲ್ಲಿಡಬೇಕಿತ್ತು ಎಂದು ಹೇಳದಿದ್ದರೆ ಓದುವವರಿಗೆ ಅದರ ತೂಕ ತಿಳಿಯುವುದಿಲ್ಲವಲ್ಲ ಎಂದು, ಮಗಳ ಫಿಟ್ಸ್, ಮಿರಜ್, ಉಡಿ ತುಂಬುವ ನೆಪ, ಗಡಿಯ ಊರಿನ ಅಕ್ಕ, ಎಲ್ಲ ಬರೆದೆ. ಓದಲು ಸೊಗಸಾಗಿರಲಿ ಎಂದು ಮನೆಯ ಮುಂದಿನ ಬೇವಿನ ಗಿಡ, ಅದರ ಬುಡಕ್ಕೆ ಕಟ್ಟಿದ ಒಂದು ಕೋಡು ಮುರಿದ ಎಮ್ಮೆ, ಇದನ್ನೂ ಸೇರಿಸಿದೆ. ಕೆಳಗೆ ಟಿಪ್ಪಣಿ ಹಾಕಿದೆ: ‘ಇಲ್ಲಿ ಬರುವವರ ಗೌಪ್ಯತೆಗಾಗಿ ಹೆಸರುಗಳನ್ನು ಕೈಬಿಡಲಾಗಿದೆ.’

ಈ ಟಿಪ್ಪಣಿ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಯಾವ ಹೆಸರನ್ನು ಕೈಬಿಟ್ಟೆ ನಾನು? ಕಾಕುವಿನ ಹೆಸರು ನನಗೇ ಗೊತ್ತಿರಲಿಲ್ಲ. ಪತ್ರದ ಕೊನೆಗೆ ‘ನಿನ್ನ ತಂಗಿ’ ಎಂದು ಬರೆಸುತ್ತಿದ್ದಳು, ಅಷ್ಟೇ. ನಮ್ಮ ಊರುಗಳಲ್ಲಿ ಹೆಂಗಸನ್ನು ಹೆಸರಿನಿಂದ ಯಾರು ಗುರುತಿಸುತ್ತಾರೆ? ಬೇವಿನ ಗಿಡದ ಮನೆಯಾಕಿ, ಕಾಗವಾಡದವರ ತಂಗಿ, ಮುರಿಗೋಡಿನ ಎಮ್ಮೆಯವರು ಎನ್ನುತ್ತಾರೆ. ಯಾರಿಗೂ ಗೊತ್ತಿಲ್ಲದ ಒಂದನ್ನು ಬಿಟ್ಟು, ಎಲ್ಲರಿಗೂ ಗೊತ್ತಿದ್ದ ಎಲ್ಲವನ್ನೂ ಅಚ್ಚು ಹಾಕಿಸಿದ್ದೆ. ಸಾಕಷ್ಟು ಓದಿಕೊಂಡವನು ಮಾತ್ರ ಇಂಥ ತಪ್ಪು ಮಾಡಬಲ್ಲ. ಓದದ ಕಾಕು ಎಂದೂ ಮಾಡುತ್ತಿರಲಿಲ್ಲ.

ಅದೇ ವರ್ಷ ಕಾಕುವಿನ ಮಗಳಿಗೆ ರಾಯಬಾಗದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಬಂದು ಬೇವಿನ ಗಿಡದ ಕೆಳಗೆ ಕೂತು ಅವಲಕ್ಕಿ ತಿಂದು, ಹುಡುಗಿ ಮನಸ್ಸಿಗೆ ಬಂದಳು ಎಂದು ಹೇಳಿ ಹೋದರು. ಕಾಕು ಆ ಮನೆಗೆ ವಿಷಯ ಮುಚ್ಚಿಡುತ್ತಿರುವುದು ಸರಿಯೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. “ಗುಳಗಿ ನುಂಗತಾಳ, ಆರಾಮದಾಳ. ಲಗ್ನ ಆದಮ್ಯಾಲ ನಾನ ಅತ್ತಿ ಮುಂದ ಹೇಳ್ತೀನಿ” ಎಂದು ಆಕೆಯೇ ನನಗೆ ಹೇಳಿದ್ದಳು.

ಅದಾದ ಕೆಲವು ವಾರಕ್ಕೆ ರಾಯಬಾಗದಲ್ಲಿ ಶಿಕ್ಷಕರಿಗಾಗಿ ಒಂದು ದಿನದ ಕಾರ್ಯಕ್ರಮವಿತ್ತು. ಮಾತನಾಡಲು ನನ್ನನ್ನು ಕರೆದಿದ್ದರು. ಹೋಗುವಾಗ ನನ್ನ ಲೇಖನದ ಇಪ್ಪತ್ತು ಪ್ರತಿ ಚೀಲದಲ್ಲಿ ತುಂಬಿಕೊಂಡು ಹೋದೆ. ಕೇಳಿದವರಿಗೂ ಕೊಟ್ಟೆ, ಕೇಳದವರಿಗೂ ಕೊಟ್ಟೆ, ಸಹಿ ಹಾಕಿ ಕೊಟ್ಟೆ. ಊಟದ ನಂತರ ಹೈಸ್ಕೂಲಿನ ಒಬ್ಬ ವಯಸ್ಸಾದ ಮಾಸ್ತರರು ಆ ಪ್ರತಿ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಭಾಳ ಚಲೋ ಬರದೀರಿ ಸರ್” ಅಂದರು. “ಬೇವಿನ ಗಿಡಾ, ಎಮ್ಮಿ, ಎಲ್ಲಾ ಕಣ್ಣಮುಂದ ಬಂದಂಗಾತು.”

ನಾನು ಉಬ್ಬಿದೆ. “ಕಂಡದ್ದನ್ನ ಬರದೀನ್ರಿ” ಅಂದೆ.

“ಅದಕ್ಕ ಕೇಳಾಕತ್ತೀನಿ. ಎಮ್ಮೀದು ಯಾವ ಕೋಡ ಮುರದೈತ್ರಿ, ಎಡದ್ದೋ ಬಲದ್ದೋ?”

“ಎಡದ್ದ್ರಿ” ಅಂದೆ ನಾನು. ಎಷ್ಟು ಸೂಕ್ಷ್ಮವಾಗಿ ಓದಿದ್ದಾರೆ ಎಂದು ಮೆಚ್ಚಿಕೊಂಡೇ ಹೇಳಿದೆ. ಅವರು ತಲೆ ಆಡಿಸಿದರು, ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋದರು. ಅವರು ಹುಡುಗನ ಸೋದರಮಾವ. ಹೆಣ್ಣು ನೋಡಲು ಬಂದಾಗ ಆ ಎಮ್ಮೆಯ ಪಕ್ಕದಲ್ಲೇ ಕೂತಿದ್ದವರು. ಇದು ನನಗೆ ಗೊತ್ತಾದದ್ದು ಮುಂದಿನ ವಾರ.

ಮದುವೆ ಮಾತು ತಂದಿದ್ದ ಹಿರಿಯರೇ ಬಂದು ಕಾಕುಗೆ ಹೇಳಿ ಹೋದರು. “ಮಿರಜದಾಗ ಔಷಧ ನಡದೈತಂತಲ್ಲಬೇ. ಅವರಿಗೆ ಎಲ್ಲಾ ತಿಳದೈತಿ. ಮುಚ್ಚಿಟ್ಟು ಹೆಣ್ಣ ಕೊಡೂ ಮಂದಿ ಬ್ಯಾಡ ಅಂದ್ರು.” ಯಾರಿಂದ ತಿಳಿಯಿತು ಎಂದು ಮಾತ್ರ ಅವರು ಹೇಳಲಿಲ್ಲ. ಎರಡೇ ದಿನದಲ್ಲಿ ಇಡೀ ಓಣಿಗೆ ಗೊತ್ತಾಯಿತು. ಸಂಬಂಧ ಮುರಿದದ್ದು ಹುಡುಗನ ಸೋದರಮಾವ, ರಾಯಬಾಗದ ಹೈಸ್ಕೂಲ್ ಮಾಸ್ತರ ಎಂದು ಕಾಲೇಜಿನಿಂದ ಬಂದ ನನಗೆ ನಮ್ಮವ್ವ ಹೇಳಿದಾಗ ಮಾಸ್ತರರ ಮುಖ, ಆ ಪ್ರಶ್ನೆ, ನಾನು ಹೆಮ್ಮೆಯಿಂದ ಕೊಟ್ಟ ಉತ್ತರ, ಎಲ್ಲ ಒಟ್ಟಿಗೇ ನೆನಪಾದವು.

ಅವತ್ತೇ ಹೋಗಿ ಕಾಲಿಗೆ ಬಿದ್ದಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ನಾನೇನು ಮಾಡಿದೆ? ಹುಡುಗನ ಕಡೆಯವರಿಗೂ ತಿಳಿಯುವ ಹಕ್ಕಿಲ್ಲವೇ ಎಂದು ನನ್ನೊಳಗೇ ವಾದ ಹೂಡಿದೆ. ಅದು ಸುಳ್ಳು ವಾದವೇನಲ್ಲ. ಆ ಪ್ರಶ್ನೆಯ ಮೇಲೆ ಆಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನೇ ಬರೆದು ಹೆಸರು ಗಳಿಸಿದೆ. ಆದರೆ ಹೇಳುವುದಿದ್ದರೆ ಕಾಕು ಹೇಳಬೇಕಿತ್ತು, ನಾನಲ್ಲ. ನಾನು ಹೇಳಿದ್ದು ಅವರ ಹಕ್ಕಿಗಾಗಿಯೂ ಅಲ್ಲ, ನನ್ನ ಲೇಖನದ ಅಂದಕ್ಕಾಗಿ.

ಮೂರನೆಯ ದಿನ ಕಾಕುವೇ ಕರೆಸಿದಳು. ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಕೆಂಪಾಗಿದ್ದವು. ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

“ನಿನಗ ಗೊತ್ತಿತ್ತು, ನಮ್ಮಕ್ಕಗ ಗೊತ್ತಿತ್ತು. ನೀ ಅಂತೂ ಅಲ್ಲ. ಅಂದಮ್ಯಾಲ ಆಕೀನ. ಪೆನ್ನ ತಗಿ, ಬರಿ.”

ಇಲ್ಲ ಕಾಕು, ಅದು ನಾನು, ಎಂದು ಹೇಳಬೇಕಿತ್ತು. ‘ನೀ ಅಂತೂ ಅಲ್ಲ’ ಎಂದು ಆಕೆ ಅಂದ ರೀತಿಗೆ ಸೋತೆ. ಪೆನ್ನು ತೆಗೆದೆ.

“ನಿನ್ನ ಬಾಯಾಗ ಹುಳಾ ಬೀಳ್ಲಿ ಅಂತ ಬರಿ. ಹೆತ್ತಾಕಿಗಿಂತ ಹೆಚ್ಚ ಅಂತ ನಂಬಿದ್ನಿ ಅಂತ ಬರಿ. ಇನ್ನ ನನ್ನ ಹೊಸ್ತಿಲಾ ತುಳಿಬ್ಯಾಡ, ನಾ ಸತ್ರೂ ಬರಬ್ಯಾಡ ಅಂತ ಬರಿ.”

ಬರೆದೆ. ಒಂದು ಅಕ್ಷರ ಬಿಡದೆ ಬರೆದೆ. ಹೇಳಿದವರ ಮಾತನ್ನು ಬರೆಯುವವನು ತಿದ್ದಬಾರದು ಎಂಬುದು ನನ್ನ ಪ್ರಬಂಧದಲ್ಲಿ ನಾನೇ ಮಾಡಿದ ನಿಯಮ. ನನ್ನ ತಪ್ಪಿಗೆ ಇನ್ನೊಬ್ಬಳಿಗೆ ಶಾಪ ಹಾಕುವಾಗ ಆ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆ ನೋಡಿ. ಅಕ್ಷರ ದುಂಡಗೆ ಬಂದಿದ್ದವು. ಅವತ್ತೂ ಬೆಲ್ಲ ಕೊಟ್ಟಳು, ಅವತ್ತೂ ತಿಂದೆ.

ಹತ್ತು ಹನ್ನೆರಡು ದಿನಕ್ಕೆ ಕಾಗವಾಡದಿಂದ ಉತ್ತರ ಬಂತು. ಅಕ್ಕ ಸೊಸೆಯ ಕೈಯಲ್ಲಿ ಬರೆಸಿದ್ದಳು. ಕಾಕು ತಲೆ ಆ ಕಡೆ ತಿರುಗಿಸಿಕೊಂಡು “ಓದು, ಏನ ಅಂತಾಳ ನೋಡೂನು” ಅಂದಳು. ನಾನು ಓದತೊಡಗಿದೆ. ‘ನನ್ನ ಮಕ್ಕಳ ಆಣೆ, ಯಾರ ಮುಂದೆಯೂ ನಾನು ಬಾಯಿ ಬಿಟ್ಟಿಲ್ಲ’ ಎಂದಿತ್ತು. ಅದನ್ನು ಓದಿದೆ. ಅದರ ಕೆಳಗೆ ಹೀಗಿತ್ತು: ‘ನನ್ನನ್ನು ಬಯ್ಯುವ ಮೊದಲು ನಿನ್ನ ಪತ್ರ ಬರೆಯುವವನನ್ನು ಒಂದು ಮಾತು ಕೇಳು.’

ನನ್ನ ಕಣ್ಣು ಆ ಸಾಲಿನ ಮೇಲೆ ಓಡಿತು. ಬಾಯಿ ಮಾತ್ರ ಅದನ್ನು ಹಾರಿ ಮುಂದಿನ ಸಾಲಿಗೆ ಹೋಯಿತು. ‘ಹುಡುಗಿಯ ಗುಳಿಗೆ ತಪ್ಪಿಸಬೇಡ, ತೀರಿದರೆ ತಿಳಿಸು’ ಎಂದು ಓದಿ ಪತ್ರ ಮಡಚಿ ಕೊಟ್ಟೆ.

“ಇಷ್ಟ ಏನು?” ಅಂದಳು ಕಾಕು.

“ಇಷ್ಟ” ಅಂದೆ.

“ಆಣಿ ಮಾಡಾಕ ಏನ, ಬಾಯಿಗೆ ಬಾಡಿಗಿ ಕೊಡಬೇಕೇನು” ಎಂದು ಆಕೆ ಎದ್ದು ಹೋದಳು. ಅಲ್ಲಿಗೆ ಅಕ್ಕತಂಗಿಯರ ನಡುವಿನ ಪತ್ರ ನಿಂತಿತು. ಮಿರಜಿಗೆ ಹೋಗುವುದೂ ನಿಂತಿತು. ಗುಳಿಗೆಯನ್ನು ನಿಪ್ಪಾಣಿಯ ಅಂಗಡಿಯಿಂದ ನಾನೇ ತಂದುಕೊಡುತ್ತಿದ್ದೆ. ನನ್ನಂಥ ಉಪಕಾರಿ ಇಲ್ಲ ಎಂದು ಕಾಕು ಎಲ್ಲರ ಮುಂದೆ ಹೇಳುತ್ತಿದ್ದಳು.

ಆಮೇಲಿನ ಏಳು ವರ್ಷ ನನಗೆ ಬಂಗಾರದ ವರ್ಷಗಳು. ಡಾಕ್ಟರೇಟ್ ಬಂತು, ಬಡ್ತಿ ಬಂತು, ಚಿಕ್ಕೋಡಿಯಲ್ಲಿ ಮನೆ ಮಾಡಿದೆ. ಬ್ಯಾಂಕಿಗೆ, ಆಸ್ಪತ್ರೆಗೆ ಕಂಪ್ಯೂಟರ್ ಬರತೊಡಗಿದಾಗ ಜನರಿಗೆ ನನ್ನ ನೆನಪಾಯಿತು. ಅಥಣಿಯಿಂದ ಹಿಡಿದು ದೂರದ ಊರುಗಳವರೆಗೆ ಕರೆ ಬಂತು. ಎಲ್ಲ ಕಡೆ ಆ ತಾಯಿಯ ಉದಾಹರಣೆ ಹೇಳಿದೆ. ಎಮ್ಮೆಯನ್ನು ಮಾತ್ರ ಬಿಟ್ಟಿದ್ದೆ. ಆ ಹುಡುಗಿಗೆ ಬೇರೆ ಸಂಬಂಧ ಬರಲಿಲ್ಲ. ಎಮ್ಮೆ ಹೆಚ್ಚಿಸಿಕೊಂಡು ಡೇರಿಗೆ ಹಾಲು ಹಾಕುತ್ತ ಮನೆ ನಡೆಸುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಆಕೆ ಕಾಲೇಜಿನ ಸ್ಟಾಫ್ ರೂಮಿನ ಹೊರಗೆ ಬಂದು ನಿಂತಿದ್ದಳು. ನಾನು ಹೊರಗೆ ಬಂದೆ.

“ಅಣ್ಣಾರ, ಅವ್ವ ಹಾಸಗಿ ಹಿಡದಾಳ. ಹೊಟ್ಯಾಗ ಗಡ್ಡಿ ಆಗೈತಿ. ಡಾಕ್ಟರ ಮನೀಗೆ ಕರಕೊಂಡ ಹೋಗ್ರಿ ಅಂದಾರ” ಅಂದಳು. ಅಳಲಿಲ್ಲ. “ದೊಡ್ಡವ್ವಗ ಒಂದ ಪತ್ರಾ ಬರೀರಿ. ಬಾ ಅನ್ರಿ.”

“ಕಾಕು ಒಪ್ಪತಾಳೇನು?”

“ಅವ್ವಗ ಕೇಳೂದ ಬ್ಯಾಡ.” ಆಕೆ ನನ್ನನ್ನು ನೇರವಾಗಿ ನೋಡಿದಳು. “ನಾ ನಾಕನೇ ಇಯತ್ತೆ ಮಟಾ ಸಾಲಿಗೆ ಹೋಗೀನ್ರಿ. ಅವತ್ತ ನೀವು ಓದಿ ಹೋದಮ್ಯಾಲ ಆ ಪತ್ರಾ ನಾನೂ ಓದೀನಿ. ಒಂದ ಸಾಲ ಬಿಟ್ಟಿದ್ರಿ.”

ಸ್ಟಾಫ್ ರೂಮಿನ ಒಳಗಿನಿಂದ ಯಾರೋ ನನ್ನನ್ನು ಕರೆಯುತ್ತಿದ್ದರು.

“ಯಾಕ ಹೇಳಲಿಲ್ಲ ನೀನು?” ಎಂದು ಕೊನೆಗೆ ಕೇಳಿದೆ.

“ದೊಡ್ಡವ್ವ ಹ್ವಾದ್ಲು. ನೀವೂ ಹ್ವಾದ್ರ ಅವ್ವಗ ಯಾರಿದ್ರು?”

ಅವತ್ತೇ ಕಾಗವಾಡಕ್ಕೆ ಬರೆದೆ. ನನ್ನ ಹೆಸರಿನಲ್ಲೇ ಬರೆದೆ. ಲೇಖನ, ರಾಯಬಾಗದ ಮಾಸ್ತರ, ಬಿಟ್ಟ ಸಾಲು, ಏನನ್ನೂ ಮುಚ್ಚಿಡಲಿಲ್ಲ. ನೀವು ಬನ್ನಿ, ಕಾಕುವಿನ ಮುಂದೆ ನಾನೇ ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದು ಮುಗಿಸಿದೆ.

ನಾಲ್ಕನೆಯ ದಿನ ಅಕ್ಕ ಬಂದಳು. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಪತ್ರಗಳಿಂದ ಮಾತ್ರ ಗೊತ್ತಿದ್ದ ಹೆಂಗಸು. ಸಣ್ಣ ಆಳು, ನೆರೆತ ತಲೆ, ಕೈಯಲ್ಲಿ ಬಟ್ಟೆಯ ಚೀಲ. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ತಂಗಿಯ ಹಾಸಿಗೆಯ ಪಕ್ಕ ಕೂತಳು. ನಾನು ಬಾಗಿಲ ಹತ್ತಿರ ನಿಂತೆ. ಮಗಳು ಒಲೆಯ ಹತ್ತಿರ. ಕಾಕು ಬಹಳ ಹೊತ್ತು ಅಕ್ಕನನ್ನೇ ನೋಡಿದಳು.

“ಬಂದೀ” ಅಂದಳು. “ಈಗರ ಖರೇ ಹೇಳು. ರಾಯಬಾಗದವರಿಗೆ ನೀನ ಹೇಳಿದ್ದಿ, ಹೌದಲ್ಲ?”

ಇದೇ ಹೊತ್ತಿಗಾಗಿ ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದಳು. ಸಾವಿರ ಜನರ ಮುಂದೆ ಗಂಟೆಗಟ್ಟಲೆ ಮಾತಾಡಿದ ಬಾಯಿ ನನ್ನದು, ಅದು ತೆರೆಯಲಿಲ್ಲ.

“ಹೌದವ್ವ” ಅಂದಳು ಅಕ್ಕ. “ನಾನ. ಮಾತಿನ ಭರದಾಗ ಯಾರ ಮುಂದೋ ಅಂದುಬಿಟ್ನಿ. ತಪ್ಪಾತು.”

“ಇಷ್ಟ ಹೇಳಾಕ ಏಳ ವರ್ಷ ಬೇಕಾತೇನ ನಿನಗ” ಅಂದಳು ಕಾಕು. ಅಕ್ಕನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಕೇಳಿದೀ ಮಾಸ್ತರ? ನಾ ಅವತ್ತ ಅಂದಿದ್ನಲ್ಲ” ಅಂದಳು. ಒಲೆಯ ಹತ್ತಿರದಿಂದ ಮಗಳು ಎದ್ದು ಹಿತ್ತಲಿಗೆ ಹೋದಳು.

ಕಾಕು ಇನ್ನೂ ಎಂಟು ದಿನ ಬದುಕಿದ್ದಳು. ನೋಡಲು ಬಂದವರಿಗೆಲ್ಲ, “ನಮ್ಮಕ್ಕ ತಪ್ಪ ಒಪ್ಪಿಕೊಂಡ್ಲು, ನಾ ಹೊಟ್ಟಿಗೆ ಹಾಕ್ಕೊಂಡ್ನಿ” ಎಂದು ಹೇಳುತ್ತಿದ್ದಳು. ಬಂದವರು ಅಕ್ಕನನ್ನು ಒಂದು ನಮೂನೆ ನೋಡಿ ಹೋಗುತ್ತಿದ್ದರು. ಅಕ್ಕ ತಂಗಿಯ ಕಾಲು ಒತ್ತುತ್ತ ಕೂತಿರುತ್ತಿದ್ದಳು. ನಾನು ಆ ಎಂಟು ದಿನದಲ್ಲಿ ಐದು ದಿನ ಹೋಗಿದ್ದೆ.

ದಿನಕರ್ಮ ಮುಗಿದ ಮೇಲೆ ಅಕ್ಕ ಊರಿಗೆ ಹೊರಟಳು. ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಬಸ್ಸಿಗಾಗಿ ಕಾಯುತ್ತ ನಿಂತಾಗ ಕೇಳಿದೆ, “ಯಾಕ ಹಂಗ ಹೇಳಿದ್ರಿ? ನಾ ಎಲ್ಲಾ ಬರದಿದ್ನೆಲ್ರಿ.”

“ಆಕಿ ನಿಮ್ಮನ್ನ ಭಾಳ ನಂಬಿದ್ಲ್ರಿ. ಹೋಗೂ ಹೊತ್ತಿನ್ಯಾಗ ಅದನ್ನ ಕಸಗೊಳ್ಳಾಕ ನನಗ ಮನಸ ಬರಲಿಲ್ಲ” ಅಂದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

“ಆದ್ರ ನಾ ಬಾಯಿ ತಗಿಯೂ ಮೊದಲ ನಿಮ್ಮ ಮಾರಿ ನೋಡಿದ್ನಿರಿ. ನೀವು ಹೇಳ್ತೀರೇನೋ ಅಂತ ತಡದ್ನಿ. ನೀವು ನೆಲಾ ನೋಡಾಕತ್ತಿದ್ರಿ.”